ಎಲ್ಲಕ್ಕಿಂತ ಮೊದಲಿನದು

ವಾಡಿಯ ರೈಲ್ವೆ ಕಾಲೊನಿಯಲ್ಲಿ ಸರಸ್ವತಿಬಾಯಿ ಎಣಿಸಿದ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಸೇಡಂ ಕಡೆಯ ಹೆಣ್ಣುಮಗಳು, ಸಾಲಿಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ತೊಗರಿಬೇಳೆ ಆರಿಸುತ್ತ ಕೂತರೆ ಎಷ್ಟು ಹರಳು ಸಿಕ್ಕವು, ಅಷ್ಟರಲ್ಲಿ ಸಿಕಂದರಾಬಾದ್ ಪ್ಯಾಸೆಂಜರ್ ಎಷ್ಟು ಸಲ ಕೂಗಿತು, ಎಲ್ಲ ಹೇಳುತ್ತಿದ್ದಳು, ಕೇಳಿದರೆ. ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಆಕೆಯ ಗಂಡ ಜಯತೀರ್ಥ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್. ಪಕ್ಕದ ಕ್ವಾರ್ಟರ್ಸಿನ ಸಿರಾಜುದ್ದೀನ ಊರ ಹೊರಗಿನ ರೈಲ್ವೆ ಗೇಟಿನಲ್ಲಿ ಗೇಟ್‌ಮನ್. ಎರಡೂ ಮನೆಗೆ ಒಂದೇ ಗೋಡೆ. ಸರಸ್ವತಿಬಾಯಿ ವಿಷಮಶೀತ ಜ್ವರದಿಂದ ಮಲಗಿದಾಗ ಸಿರಾಜುದ್ದೀನನ ಹೆಂಡತಿ ಇಮಾಮ್ಬೀ ಇಪ್ಪತ್ತೆರಡು ದಿನ ನೀರು ತಂದು ಹಾಕಿದ್ದಳು. ಇಪ್ಪತ್ತೆರಡು, ಇಪ್ಪತ್ತಲ್ಲ, ಇಪ್ಪತ್ತೈದಲ್ಲ.

ತೊಂಬತ್ತೆಂಟರಲ್ಲಿ ಹೈದರಾಬಾದಿನ ಕಚೇರಿಯೊಂದು ಹರಾಜು ಹಾಕಿದ ಹಳೆಯ ಕಂಪ್ಯೂಟರನ್ನು ಜಯತೀರ್ಥ ಮನೆಗೆ ತಂದ. ಅದರೊಳಗೊಂದು ಆಟ ಬಂತು. ಅದರ ಇಂಗ್ಲಿಷ್ ಹೆಸರು ಸರಸ್ವತಿಬಾಯಿಯ ನಾಲಿಗೆಗೆ ಹೊರಳಲಿಲ್ಲ. ಮನೆಯಲ್ಲಿ ಅದು ‘ಕ್ವಾಟಿ ಆಟ’ ಆಯಿತು. ಏಳು ಕೋಟೆಗಳು, ಮಾತಾಡುವ ಗಿಡುಗ, ಮುದುಕಿ ರಾಣಿ, ಮತ್ತು ಕೋಟೆಯ ಹೆಬ್ಬಾಗಿಲು ಕಾಯುವ ಒಬ್ಬ ಕುಂಟ. ಇಂಗ್ಲಿಷ್ ಓದಿ ಕಥೆ ಹೇಳುವವನು ಜಯತೀರ್ಥ. ಗುಂಡಿ ಒತ್ತುವವನು ಸಿರಾಜುದ್ದೀನ, ಗೇಟಿನ ಚಕ್ರ ತಿರುಗಿಸಿ ಪಳಗಿದ ಕೈ. ಬೇಳೆಯ ಮೊರ ಹಿಡಿದು ಹಿಂದೆ ಕೂತು ನೋಡುವವಳು ಸರಸ್ವತಿಬಾಯಿ. ಒಂದು ಮುಗಿದರೆ ಇನ್ನೊಂದು ಬರುತ್ತಿತ್ತು. ಐದು ವರ್ಷದಲ್ಲಿ ನಾಲ್ಕು ಆಟ ಮುಗಿಸಿದರು.

ನಾಲ್ಕನೆಯದರ ಕೊನೆಗೇ ಕೆಟ್ಟದ್ದು. ಶತ್ರು ಬಂದು ನಿಂತಾಗ ಆ ಕುಂಟ ಹೆಬ್ಬಾಗಿಲು ತೆರೆದುಬಿಟ್ಟ. ಕೋಟೆ ಬಿತ್ತು, ಆಟ ಮುಗಿಯಿತು, ಯಾಕೆ ತೆರೆದ ಎಂದು ಯಾರೂ ಹೇಳಲಿಲ್ಲ.

“ಹರಾಮಖೋರ! ದುಡ್ಡು ತಿಂದಾನ” ಎಂದ ಜಯತೀರ್ಥ.

“ಹಂಗ ತೆಗಿಯಾಂಗಿಲ್ಲ ಆಚಾರಿ. ಗೇಟ್ ಕಾಯೋವ ಆರ್ಡರ್ ಇಲ್ದೆ ತೆಗಿಯಾಂಗಿಲ್ಲ. ಅವಂಗ ನಂಬರ್ ಬಂದಿರಬೇಕು” ಎಂದ ಸಿರಾಜುದ್ದೀನ. ಜಯತೀರ್ಥ ಅವನ ಬಾಯಲ್ಲಿ ಯಾವಾಗಲೂ ‘ಆಚಾರಿ’.

ನಂಬರೆಂದರೆ ರೈಲ್ವೆಯ ನಂಬರು. ಸ್ಟೇಷನ್ ಮಾಸ್ಟರ್ ಫೋನಿನಲ್ಲಿ ಒಂದು ಗುಪ್ತ ಅಂಕಿ ಹೇಳಬೇಕು, ಗೇಟಿನವನು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಆಮೇಲೆಯೇ ಗೇಟಿಗೆ ಕೈ ಹಚ್ಚಬೇಕು. ಸಿರಾಜುದ್ದೀನನ ಪುಸ್ತಕದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಒಂದೂ ಕೆಂಪು ಗೀಟು ಬಿದ್ದಿರಲಿಲ್ಲ.

ಜಯತೀರ್ಥ ನಕ್ಕ. “ಎಲ್ಲೀ ನಂಬರಲೇ? ಒಂದು ಕಪ್ ಚಾ ಕುಡಿಸಿದ್ರ ಗೇಟ್‌ಮನ್ ಯಾರಿಗ್ ಬೇಕಾದ್ರೂ ಗೇಟ್ ತೆಗಿತಾನ.”

ಸಿರಾಜುದ್ದೀನ ಕುಡಿಯುತ್ತಿದ್ದ ಚಾ ಕೆಳಗಿಟ್ಟ. ಅರ್ಧ ಗ್ಲಾಸಿತ್ತು. ಎದ್ದು ಹೋದವನು ಎರಡು ವರ್ಷ ಈ ಹೊಸ್ತಿಲು ತುಳಿಯಲಿಲ್ಲ. ಇಮಾಮ್ಬೀಯೂ ಬರುವುದನ್ನು ಬಿಟ್ಟಳು. ನಳದ ಹತ್ತಿರ ಕೊಡ ತುಂಬುವವರೆಗೆ ಅಷ್ಟೇ ಮಾತು. ಇಲ್ಲದ ಊರಿನ ಇಲ್ಲದ ಬಾಗಿಲಿಗಾಗಿ ಇದ್ದ ಬಾಗಿಲು ಮುಚ್ಚಿತಲ್ಲ ಎಂದು ಸರಸ್ವತಿಬಾಯಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಎರಡು ಸಾವಿರದ ಐದರ ಸಂಕ್ರಾಂತಿಗೆ ಸುದ್ದಿ ಬಂತು: ಕ್ವಾಟಿ ಆಟದ ಹೊಸ ಭಾಗ ಬರುತ್ತದೆ. ಮುಂದಿನ ಕಥೆಯಲ್ಲ, ಮೊದಲನೇ ಆಟಕ್ಕೂ ಮೊದಲು ನಡೆದದ್ದು, ಆ ಕುಂಟನ ಹರೆಯದ ಕಥೆ. ಮ್ಯಾಗಜೀನು ಹಿಡಿದು ಜಯತೀರ್ಥ ಗೋಡೆಯ ಆಚೆಗೂ ಕೇಳುವಂತೆ ಓದಿದ. “ಬರಲಿ! ಕಳ್ಳ ಹೌದೋ ಅಲ್ಲೋ ಗೊತ್ತಾಗ್ತದ!”

ಮರುದಿನ ನಳದ ಹತ್ತಿರ ಇಮಾಮ್ಬೀ ತಗ್ಗಿದ ದನಿಯಲ್ಲಿ ಕೇಳಿದಳು: “ಬಾಯಿ, ಅದೇನೋ ಬರ್ತದಂತಲ್ಲ, ಯಾವಾಗ ಅಂತ ಕೇಳಾಕತ್ತಾರ ನಮ್ಮವರು.”

“ಮಾರ್ಚಿಗಂತ, ಆಪಾ.”

ಮಾರ್ಚಿಗೆ ಬರಲಿಲ್ಲ, ಏಪ್ರಿಲ್ ಅಂದರು. ಏಪ್ರಿಲ್ ಹೋಗಿ ಮೇ ಬಂತು. ಇದೇ ಹುಚ್ಚಿನ ಜನ ಶಹಾಬಾದ, ಚಿತ್ತಾಪುರದಲ್ಲೂ ಇದ್ದರು. ಊಟದ ಹೊತ್ತಿಗೇ ಅವರ ಫೋನು: “ಸರ್ ಅದಾರೇನ್ರಿ? ಬಂತೇನ್ರಿ?” ರೊಟ್ಟಿ ತಟ್ಟುವ ಕೈಯಲ್ಲೇ ಫೋನೆತ್ತಿ ಎತ್ತಿ ಅದರ ಮೇಲೆಲ್ಲ ಜೋಳದ ಹಿಟ್ಟು. ಹೆರಿಗೆಗೆ ಹೋದ ಮಗಳ ಸುದ್ದಿಗೂ ಯಾರೂ ಇಷ್ಟು ಕಾಯಲಿಕ್ಕಿಲ್ಲ ಎಂದುಕೊಂಡಳು.

ಆದರೆ ಆಕೆಯೂ ಕಾಯುತ್ತಿದ್ದಳು. ಜೂನ್ ಮೂವತ್ತಕ್ಕೆ ಸಿರಾಜುದ್ದೀನನ ನೌಕರಿ ಮುಗಿಯುತ್ತಿತ್ತು. ಕ್ವಾರ್ಟರ್ಸ್ ಬಿಟ್ಟು, ಚಿಂಚೋಳಿಯಲ್ಲಿ ಚಂದ್ರಂಪಳ್ಳಿ ರಸ್ತೆಗೆ ಕಟ್ಟಿಸಿದ ಮನೆಗೆ ಅವರು ಹೋಗುವವರು. ಗಂಡಸರು ಮಾತು ಬಿಟ್ಟಿರುವಾಗಲೇ ಅವರು ಊರು ಬಿಟ್ಟರೆ ಇಮಾಮ್ಬೀ ತನಗೆ ಹೋದಂತೆಯೇ. ಚಿಂಚೋಳಿಯಲ್ಲಿ ಇಬ್ಬರಿಗೂ ಸೇರಿ ಒಂದು ನಳ ಎಲ್ಲಿಂದ ಬರಬೇಕು?

ಜೂನ್ ಇಪ್ಪತ್ತಕ್ಕೆ ಗೂಡ್ಸ್ ಗಾರ್ಡ್ ಅಮೃತಪ್ಪ ಬಾಗಿಲಿಗೆ ಬಂದ. ಜಯತೀರ್ಥ ಡ್ಯೂಟಿಯಲ್ಲಿದ್ದ.

“ಬಾಯಾರ, ಸಿಕಂದರಾಬಾದಿಗೆ ಹೊಂಟೀನಿ. ಸಾಹೇಬ್ರು ಅದೇನೋ ಆಟದ ಸೀಡಿ ಬಂದಿದ್ರ ತರ್ಲಿಕ್ಕೆ ಹೇಳಿದ್ರು. ಯಾವ್ದು ಅಂತ ಮರ್ತೇಬಿಟ್ಟೆ ನೋಡ್ರಿ.”

ಆಕೆ ಒಂದು ಕ್ಷಣ ಯೋಚಿಸಿದಳು. ತಪ್ಪು ಹೇಳಬಾರದು. “ಕ್ವಾಟಿ ಚಿತ್ರ ಇರ್ತದ ಮ್ಯಾಲ. ಅದರಾಗ ಎಲ್ಲಾಕ್ಕಿಂತ ಮೊದಲಿನದು ಕೇಳ್ರಿ. ಎಲ್ಲಾಕ್ಕಿಂತ ಮೊದಲಿನದು, ಮರಿಬ್ಯಾಡ್ರಿ.”

ಅಮೃತಪ್ಪ ಮರೆಯಲಿಲ್ಲ. ಅಂಗಡಿಗೆ ಹೋಗಿ “ಸಬ್ ಸೇ ಪಹಲೇ ಕಾ” ಎಂದು ಕೇಳಿ, ಇಪ್ಪತ್ತಾರರ ರವಿವಾರ ಮಧ್ಯಾಹ್ನ ಪೊಟ್ಟಣ ತಂದುಕೊಟ್ಟ. ಮೇಲೆ ಕೋಟೆಯ ಚಿತ್ರವೂ ಇತ್ತು. ಸರಸ್ವತಿಬಾಯಿ ಗಂಡನನ್ನು ಕೇಳಲಿಲ್ಲ. ನೇರ ಪಕ್ಕದ ಮನೆಗೆ ನಡೆದಳು. ಸಾಮಾನು ಕಟ್ಟುತ್ತಿದ್ದ ಸಿರಾಜುದ್ದೀನ ಹಗ್ಗ ಹಿಡಿದೇ ನಿಂತ.

“ಬಂದದ್ರಿ ಭಾಯ್. ಬರ್ರಿ.”

“ನಾ ಯಾಕ್ ಬರಲಿ ಬಾಯಾರ? ನಾ ಚಾಕ್ಕ ಗೇಟ್ ತೆಗಿಯೋವ.”

ಇಮಾಮ್ಬೀ ಹಗ್ಗ ಕಸಿದುಕೊಂಡಳು. “ಹೋಗ್ರಿ ಸುಮ್ಮ! ಜನವರಿಯಿಂದ ‘ಬಂತಾ ಬಂತಾ’ ಅಂತ ನನ್ನ ಜೀವಾ ತಿಂದೀರಿ!”

ಅವನು ಬಂದ, ತನ್ನ ಹಳೆಯ ಕುರ್ಚಿಯಲ್ಲಿ ಕೂತ. ಜಯತೀರ್ಥ ಅವನತ್ತ ನೋಡದೆ, ಅವಸರದಲ್ಲಿ ಪೊಟ್ಟಣದ ಮೇಲಿನ ಹೆಸರನ್ನೂ ಓದದೆ ಸೀಡಿ ಹಾಕಿದ. ಕತ್ತಲೆ, ಗಿಡುಗದ ಕೂಗು, ಮಂಜಿನಲ್ಲಿ ಕೋಟೆ.

“ಥೂ!” ಜಯತೀರ್ಥ ತೊಡೆ ಬಡಿದುಕೊಂಡ. “ಇದು ಒಂದನೇದು! ತೊಂಬತ್ತೆಂಟರಾಗ ಆಡಿದ್ದು! ಯಾವ ಮೂರ್ಖ ತರ್ಲಿಕ್ಕೆ ಹೇಳಿದ?”

“ಮೂರ್ಖ ಅಲ್ಲ, ನಾನು. ಎಲ್ಲಾಕ್ಕಿಂತ ಮೊದಲಿನ ಕಥಿ ಅಂತ ನೀವs ಹೇಳಿದ್ರಿ, ನಾನೂ ಹಂಗs ಹೇಳೀನಿ.”

“ಮೊದಲಿನದು ಅಂದ್ರ ಮೊದಲನೇದಲ್ಲs! ಮೊದಲನೇದಕ್ಕಿಂತ ಮೊದಲಿಂದು!”

“ಅಡ್ಡಾತಿಡ್ಡಿ ಮಾತು ನಿಮ್ಮದು. ಹುಟ್ಟಿದ ಮ್ಯಾಲ ಬಸಿರಾದಂಗ.”

ಸಿರಾಜುದ್ದೀನ ಏಳಲು ಕುರ್ಚಿಯ ಕೈ ಹಿಡಿದ. ಆಟ ತನ್ನ ಪಾಡಿಗೆ ನಡೆದಿತ್ತು. ಕೋಟೆಯೊಳಗೆಲ್ಲೋ ಘಂಟೆ ಬಾರಿಸಿತು. ಕುಂಟ ಎದ್ದು ಚಕ್ರ ತಿರುಗಿಸಿದ, ಹೆಬ್ಬಾಗಿಲು ತೆರೆಯಿತು.

“ಮೂರು” ಎಂದಳು ಸರಸ್ವತಿಬಾಯಿ.

“ಏನು ಮೂರು?”

“ಘಂಟಿ. ಇಲ್ಲೂ ಮೂರs. ನಾಕನೇದರಾಗ ಶತ್ರು ಬಂದಾಗ್ಲೂ ಮೂರು ಬಾರಿಸಿತ್ತಲ್ಲ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎರಡು ವರ್ಷದ ಮೇಲೆ.

“ಯಾವಾಗ ಬಾರಿಸ್ತು?” ಎಂದ ಜಯತೀರ್ಥ.

“ನೀವಿಬ್ರೂ ‘ಬಿಲ್ಲು ತಗೋ, ಕತ್ತಿ ತಗೋ’ ಅಂತ ಒದರಾಕತ್ತಿದ್ರಿ. ನಾ ಬ್ಯಾಳಿ ಆರಿಸಾಕತ್ತಿದ್ದೆ.”

ಜಯತೀರ್ಥ ನಾಲ್ಕನೆಯ ಸೀಡಿ ಹುಡುಕಿದ. ಉಳಿಸಿಟ್ಟ ಜಾಗದಿಂದ ಮತ್ತೆ ನಡೆಸಿದರು. ಈ ಸಲ ಯಾರೂ ತುಟಿ ಬಿಚ್ಚಲಿಲ್ಲ. ಶತ್ರು ಬಂದ, ಕೂಗಾಟವಾಯಿತು, ಅದರ ಅಡಿಯಲ್ಲಿ ಸಣ್ಣಗೆ ಒಂದು, ಎರಡು, ಮೂರು. ಕುಂಟ ಎದ್ದ.

“ನಂಬರ್ ಬಂದಿತ್ತು” ಎಂದ ಸಿರಾಜುದ್ದೀನ.

“ಬಂದಿತ್ತಪ್ಪಾ, ಬಂದಿತ್ತು.” ಜಯತೀರ್ಥ ಕನ್ನಡಕ ತೆಗೆದು ಧೋತರದಿಂದ ಒರೆಸಿದ, ಆಮೇಲೆ ಹೆಂಡತಿಯ ಮೇಲೆ ಹರಿಹಾಯ್ದ. “ಎರಡು ವರ್ಷ ಆತು! ಮೊದಲ್ಯಾಕ ಹೇಳಲಿಲ್ಲ?”

“ಯಾರ್ ಕೇಳಿದ್ರಿ?”

ಆಕೆ ಒಳಗೆ ಹೋಗಿ ಚಾಕ್ಕೆ ಇಟ್ಟಳು. ಜಯತೀರ್ಥ ಎದ್ದು ಬಂದು ಗ್ಲಾಸನ್ನು ತಾನೇ ಒಯ್ದು ಕೊಟ್ಟ. “ತಗೋ.”

“ಇದನ್ನ ಕುಡಿದ್ರ ಯಾವ ಗೇಟ್ ತೆಗಿಬೇಕು ಆಚಾರಿ?”

“ಕುಡಿಯೋ ಮಾರಾಯಾ, ಸಾಕು ಮಾಡು.”

ಕುಡಿದ, ಪೂರ್ತಿ ಗ್ಲಾಸು. ಕೆಳಗಿಡುವುದರೊಳಗೆ ಜಯತೀರ್ಥ ಕೇಳಿದ, “ಖರೆ, ಆದ್ರ ಘಂಟಿ ಬಾರಿಸಿದವರ್ಯಾರು?”

“ಅದು ಒಳಗ ಕುಂತವರಿಗೆ ಗೊತ್ತು. ಸ್ಟೇಷನ್‌ದವರಿಗೆ. ಟಿಕೆಟ್ ಹರಿಯೋವರಿಗೆ.”

“ಏಯ್! ನಮ್ಮ ಮ್ಯಾಲ ಹಾಕ್ತಿಯೇನಲೇ?”

ಮತ್ತೆ ಶುರುವಾಯಿತು. ಪಡಸಾಲೆಯಲ್ಲಿ ಸಂಜೆಯವರೆಗೆ ಒದರಾಟ. ಹಿತ್ತಲ ಬಾಗಿಲಿನಿಂದ ಇಮಾಮ್ಬೀ ಒಳಗೆ ಬಂದು ಹಣೆ ಬಡಿದುಕೊಂಡಳು. “ಯಾ ಅಲ್ಲಾ, ಸಾಮಾನೆಲ್ಲಾ ಹಂಗs ಬಿದ್ದದ.”

“ಬೀಳ್ಲಿ ಬಿಡು ಆಪಾ” ಎಂದು ಸರಸ್ವತಿಬಾಯಿ ಮಣೆ ಸರಿಸಿದಳು. “ಕುಂದ್ರು.”

ನೌಕರಿ ಮುಗಿದ ಮರುದಿನ, ಜುಲೈ ಒಂದಕ್ಕೆ ಲಾರಿ ಹೊರಟಿತು. “ಬಂದ್ರ ಫೋನ್ ಮಾಡು ಆಚಾರಿ, ಒಬ್ಬನs ಆಡಿಗೀಡೀ ಮತ್ತ!” ಎಂದು ಸಿರಾಜುದ್ದೀನ ಲಾರಿಯಿಂದ ಕೂಗಿದ.

ಜುಲೈಯಲ್ಲೂ ಬರಲಿಲ್ಲ. ದೀಪಾವಳಿಗೆ ಅಂದರು. ಪ್ರತಿ ರವಿವಾರ ಹತ್ತು ಗಂಟೆಗೆ ಚಿಂಚೋಳಿಯಿಂದ ಫೋನು ಬರುತ್ತಿತ್ತು. ಹಿಟ್ಟಿನ ಕೈಯಲ್ಲೇ ಎತ್ತಿ, ಆ ಕಡೆಯವನು ಬಾಯಿ ತೆರೆಯುವುದರೊಳಗೆ ಸರಸ್ವತಿಬಾಯಿ ಹೇಳುತ್ತಿದ್ದಳು:

“ಬಂದಿಲ್ಲ. ಇನ್ನ ಆಪಾನ ಕೈಯಾಗ ಕೊಡ್ರಿ ಫೋನು.”