‘ಛಲೋ ಮಂದಿ’ ಬೇಕಾಗಿದ್ದಾರೆ

ಈಚೆಗೆ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕುಳಿತಾಗ ಒಬ್ಬ ಕೆಟ್ಟ ಮನೆ ಓನರ್ ಕಥೆ ಕೇಳಿದೆ. ಕಥೆ ಅರ್ಧ ಆಗುವ ಹೊತ್ತಿಗೆ ಗೊತ್ತಾಯಿತು, ಆ ಓನರ್ ನಾನೇ!

ಮೊದಲಿನಿಂದ ಹೇಳುತ್ತೇನೆ. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಮಾಡುವವಳು, ನಮ್ಮವರು ಹುಬ್ಬಳ್ಳಿಯಲ್ಲಿ ಆಡಿಟರ್. ಇರಲಿಕ್ಕೆ ಧಾರವಾಡದಲ್ಲಿ ಮನೆಯಿದೆ. ಅದಲ್ಲದೆ, ಇನ್ವೆಸ್ಟ್‌ಮೆಂಟ್ ಆಗುತ್ತದೆಂದು ಉಣಕಲ್‌ನಲ್ಲಿ ಇನ್ನೊಂದು ಕೊಂಡೆವು. ಕೊಳ್ಳುವಾಗ ಏನೆಲ್ಲ ಪರೀಕ್ಷೆ! ಖಾತೆ ಯಾರ ಹೆಸರಿನಲ್ಲಿದೆ, ಹಿಂದೆ ಏನಾದರೂ ತಂಟೆ ತಕರಾರು ಇತ್ತೇ, ನೀರು ಸರಿಯಾಗಿ ಬರುತ್ತದೆಯೇ, ಮಳೆಗಾಲದಲ್ಲಿ ಪಕ್ಕದ ಕೆರೆ ತುಂಬಿದರೆ ಗತಿ ಏನು? ವಕೀಲರಿಗೆ ತೋರಿಸಿದೆವು, ಎಂಜಿನಿಯರ್‌ಗೆ ತೋರಿಸಿದೆವು. (ವಾಸ್ತುವಿನವರಿಗೂ ತೋರಿಸಿದೆವು. ಅದು ಅತ್ತೆಯವರ ಇಲಾಖೆ.)

ಬಾಡಿಗೆಗೆ ಕೊಡುವ ಕೆಲಸವನ್ನು ಈರಣ್ಣ ಎಂಬ ಏಜೆಂಟ್‌ಗೆ ಒಪ್ಪಿಸಿ ನಿಶ್ಚಿಂತರಾದೆವು. ಆದರೆ ಮನೆ ಖಾಲಿಯೇ ಉಳಿಯಿತು. ಫೋನ್ ಮಾಡಿದಾಗಲೆಲ್ಲ ಅವನದು ಒಂದೇ ಮಾತು: “ಮಂದಿ ಬರಾಕತ್ತಾರ್ರಿ ಅಕ್ಕಾರ, ಛಲೋ ಮಂದಿ ಬರವಲ್ರು.”

ಈಗ ಸ್ಟಾಫ್ ರೂಮಿಗೆ ಬನ್ನಿ. ಸುಜಾತಾ ಮೇಡಂ ವಿಜಯಪುರದಿಂದ ವರ್ಗವಾಗಿ ಬಂದವರು, ಫಿಸಿಕ್ಸ್ ಕಲಿಸುತ್ತಾರೆ. ಗಂಡನ ಆಫೀಸು ಹುಬ್ಬಳ್ಳಿಯಲ್ಲಿ. ಇಬ್ಬರಿಗೂ ನಡುವೆ ಆಗಲೆಂದು ಉಣಕಲ್‌ನಲ್ಲಿ ಮನೆ ಹುಡುಕುತ್ತಿದ್ದರು. ಅಲ್ಲಿಯವರೆಗೆ ಗಂಡ, ಹೆಂಡತಿ, ಮಗಳು ಸಂಬಂಧಿಕರ ಮನೆಯ ಒಂದೇ ಕೋಣೆಯಲ್ಲಿ.

“ಒಂದು ಮನಿ ಭಾಳ ಮನಸ್ಸಿಗೆ ಬಂದಿತ್ರಿ” ಎಂದರು ಸುಜಾತಾ. “ಅಡಿಗಿ ಮನ್ಯಾಗ ಇಷ್ಟಗಲ ಕಿಡಕಿ. ರೊಟ್ಟಿ ಬಡಿಯೂವಾಗ ಕೆರಿ ಕಾಣ್ತೈತಿ. ದಿನಾ ಅಡಿಗಿ ಮಾಡೂ ಹೆಣ್ಮಗಳ ಮಾಡಿಸಿರಬೇಕು ಅದನ್ನ.”

ಮನೆ ಕೊಂಡ ಮೇಲೆ ಆ ಕಿಟಕಿಯನ್ನು ಹಟ ಹಿಡಿದು ದೊಡ್ಡದು ಮಾಡಿಸಿದ್ದು ನಾನು. ಖುಷಿಯಿಂದ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮುಂದುವರಿಸಿದರು.

“ಏಜೆಂಟ್ ಹೆಸರು ಕೇಳಿದಾ, ಹೇಳಿದೆ. ಅಡ್ಡಹೆಸರು ಕೇಳಿದಾ, ಹೇಳಿದೆ. ‘ಅಂದ್ರ ನೀವು ಯಾವ ಮಂದಿರಿ?’ ಅಂದಾ. ಬೌದ್ಧರು ಅಂದೆ. ‘ಅದಕ್ಕೂ ಮೊದಲ?’ ಅಂದಾ.” ಸುಜಾತಾ ನಕ್ಕರು. ನನಗೆ ನಗು ಬರಲಿಲ್ಲ. “ಆಮ್ಯಾಲ ‘ಓನರ್ ಮೇಡಂ ಭಾಳ ಸ್ಟ್ರಿಕ್ಟ್ ಅದಾರ್ರಿ, ಒಪ್ಪಂಗಿಲ್ಲ’ ಅಂತ ಕೀಲಿ ಹಾಕ್ಕೊಂಡು ಹ್ವಾದಾ.”

“ಸುಜಾತಾ ಅವರ, ಆ ಓನರ್ ನಾನ ಇದ್ದೀನ್ರಿ” ಎಂದೆ.

ಅವರು ನನ್ನನ್ನೇ ನೋಡಿದರು. ಡಬ್ಬಿಯಲ್ಲಿ ಇನ್ನೂ ಅನ್ನವಿತ್ತು. ಮುಚ್ಚಳ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. “ಪ್ರಾಕ್ಟಿಕಲ್ ಕ್ಲಾಸ್ ಐತ್ರಿ” ಎಂದು ಎದ್ದು ಹೋದರು.

ಸಂಜೆ ನೇರ ಈರಣ್ಣನ ಬಳಿ ಹೋದೆ. “ನಾ ಯಾವಾಗ ಹಂಗ ಹೇಳೀನಿ ಈರಣ್ಣಾ?”

ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. “ನೀವು ಹೇಳಿಲ್ರಿ ಅಕ್ಕಾರ. ಸಾಹೇಬ್ರು ‘ಛಲೋ ಮಂದಿ ನೋಡಿ ಕೊಡ್ರಿ’ ಅಂದಿದ್ರು. ಹಂಗಂದ್ರ ಏನಂತ ನಮಗ ತಿಳಿಯೂದಿಲ್ಲೇನ್ರಿ? ಅದನ್ನ ಓನರ್ ಬಾಯಿಂದ ಹೇಳಸಬಾರ್ದು. ಅದಕ್ಕ ನಾವಿರೂದು.”

ಕೇಳಿದಿರಲ್ಲ? ನಾವು ಒಳ್ಳೆಯವರಾಗಿ ಉಳಿಯುವುದೂ ಅವನ ಸರ್ವೀಸಿನಲ್ಲಿ ಸೇರಿದೆ!

ಮನೆಗೆ ಬಂದು ನಮ್ಮವರಿಗೆ ಹೇಳಿದೆ. “ನಾ ಜಾತಿ ಮಾತ ಎತ್ತಿಲ್ಲ” ಎಂದರು. ನಿಜ, ಎತ್ತಿರಲಿಲ್ಲ.

“ಹಂಗಾದ್ರ ಸುಜಾತಾ ಅವರಿಗೇ ಕೊಡೋಣಲ್ಲ?”

ಅವರು ಚಹಾದ ಕಪ್ಪು ಕೆಳಗಿಟ್ಟರು. “ನನ್ನದೇನಿಲ್ಲ. ಆದ್ರ ನಾಳೆ ಮಾರ್ಲಿಕ್ಕೆ ಹೋದ್ರ ಗಿರಾಕಿ ಹಿಂದ ಸರೀತಾರ. ಅದು ಇನ್ವೆಸ್ಟ್‌ಮೆಂಟ್ ಅದ, ಸಮಾಜಸೇವಾ ಅಲ್ಲ.”

“ಅವರೇನು ಪುಕ್ಕಟ ಇರ್ತೀನಿ ಅಂದಾರೇನು?”

“ನನ್ನದೇನಿಲ್ಲ ಅಂದ್ನೆಲ್ಲ” ಎಂದು ಕಪ್ಪು ಮತ್ತೆ ಎತ್ತಿಕೊಂಡರು. ‘ನನ್ನದೇನಿಲ್ಲ’ ಎಂಬುದು ನಮ್ಮ ಕಡೆಯ ದೊಡ್ಡ ಆಸರೆಯ ಮಾತು. ನಮ್ಮದೇನಿಲ್ಲ, ಆಜೂಬಾಜೂದವರದು. ಅವರದೂ ಏನಿಲ್ಲ, ನಾಳೆ ಬರುವ ಗಿರಾಕಿಯದು. ಇನ್ನೂ ಹುಟ್ಟದ ಆ ಗಿರಾಕಿಯ ಮರ್ಜಿ ಕಾಯಲು, ಕಣ್ಣೆದುರಿನ ಮನುಷ್ಯರನ್ನು ಬಾಗಿಲಿನಿಂದ ಹಿಂದೆ ಕಳಿಸುತ್ತೇವೆ. ಮನೆ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ಇದು ಯಾವ ಸೀಮೆಯ ಲೆಕ್ಕ?

ಮರುದಿನ ಸುಜಾತಾ ಅವರಿಗೆ ‘ಛಲೋ ಮಂದಿ’ಯ ಕಥೆಯನ್ನೆಲ್ಲ ಹೇಳಿ, ಕ್ಷಮೆ ಕೇಳಿ, “ಆ ಮನಿಗೇ ಇರ್ಲಿಕ್ಕೆ ಬರ್ರಿ” ಎಂದೆ. ಅವರು ಓಡಿ ಬರುತ್ತಾರೆಂದು ಅಂದುಕೊಂಡಿದ್ದೆನೇ? ಅಂದುಕೊಂಡಿದ್ದೆ.

“ಸಂಕೋಚಕ್ಕ ಕೊಡಾಕತ್ತಿದ್ರ ಬ್ಯಾಡ್ರಿ ಮೇಡಂ. ಸಂಕೋಚ ಭಾಳ ದಿನ ಬಾಳಿಕಿ ಬರೂದಿಲ್ಲ” ಎಂದರು ಮೆತ್ತಗೆ. “ನಡುವ ‘ಖಾಲಿ ಮಾಡ್ರಿ’ ಅಂದ್ರ ಮಗಳ ಸಾಲಿ ಏನಾಗಬೇಕು? ಸರ್ ಎದುರಿಗೆ ಬಂದು ಮಾತಾಡ್ಲಿ. ಅಗ್ರಿಮೆಂಟ್ ಪಕ್ಕಾ ಆಗ್ಲಿ. ಆಮ್ಯಾಲ ನೋಡೂಣು.”

ನಮ್ಮವರು ಸ್ವಲ್ಪ ದಿನ ಮುಖ ಗಂಟಿಕ್ಕಿಕೊಂಡು ತಿರುಗಿದರು. ನಾನೂ ಬಿಡಲಿಲ್ಲ. ಕಡೆಗೆ ಒಂದು ಭಾನುವಾರ ಉಣಕಲ್‌ಗೆ ಬಂದರು. ಸುಜಾತಾ ಅವರೂ ಗಂಡ, ಮಗಳ ಜೊತೆ ಬಂದಿದ್ದರು. ನೀರು, ಕರೆಂಟು, ಗಟಾರ ಎಲ್ಲ ವಿಚಾರಿಸಿದರು. ಆಮೇಲೆ ಅಡುಗೆಮನೆಯಲ್ಲಿ ನಿಂತು ಕೇಳಿಯೇಬಿಟ್ಟರು: “ಸರ್, ಛಲೋ ಮಂದಿ ಅಂದ್ರ ಎಂಥವರು ಅಂತ ಒಮ್ಮೆ ಹೇಳಿಬಿಡ್ರಿ.”

ನಮ್ಮವರು ಕಿಟಕಿ ನೋಡಿದರು, ನನ್ನನ್ನು ನೋಡಿದರು, ಗೋಡೆ ನೋಡಿದರು. “ಗೋಡಿಗೆ ಮೊಳಿ ಹೊಡಿಲಾರದವರು” ಎಂದರು!

ಮಗಳು ಕಿಸಕ್ಕನೆ ನಕ್ಕಳು. ಸುಜಾತಾ ನಗಲಿಲ್ಲ. “ಬುದ್ಧನ ಫೋಟೋ ಐತ್ರಿ. ಹಾಲ್‌ನ್ಯಾಗ ಒಂದು ಮೊಳಿ ಹೊಡಿಲೇಬೇಕು.”

ಈ ಮನುಷ್ಯ ಈಗ ಏನಾದರೂ ಅಂದರೆ ಮುಗಿಯಿತು ಎಂದುಕೊಂಡೆ. ನಮ್ಮವರು ಹಾಲ್‌ಗೆ ಹೋಗಿ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು. “ಇದು ಕಾಂಕ್ರೀಟ್ ಅದರಿ, ಮೊಳಿ ಹಿಡಿಯೂದಿಲ್ಲ. ಡ್ರಿಲ್ ಬೇಕು. ನಮ್ಮನ್ಯಾಗದ, ತರ್ತೀನಿ.”

ಅಗ್ರಿಮೆಂಟ್ ಪಕ್ಕಾ ಆಗಿ, ಸುಜಾತಾ ಈಗ ಆ ಮನೆಯಲ್ಲಿದ್ದಾರೆ. ನಮ್ಮವರು ಪೂರ್ತಿ ಬದಲಾದರು ಅಂತಲ್ಲ. ಅವತ್ತು ತಿರುಗಿ ಬರುವಾಗಲೂ ಸ್ಕೂಟರಿನ ಮೇಲೆ “ಮಗ್ಗಲ ಮನಿಯವರು ಏನಂತಾರೋ” ಎಂದರು. (“ಚಹಾಕ್ಕ ಕರೀತಾರ” ಎಂದೆ. ಕರೆದೂ ಕರೆದರು.)

ನನ್ನ ಕೆಲಸ ಮುಗಿಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಈರಣ್ಣನ ಬಳಿ ಇನ್ನೂ ಎಷ್ಟೋ ಮನೆಗಳಿವೆ. ಅವುಗಳ ಮಾಲೀಕರೂ ನಮ್ಮ ಹಾಗೆಯೇ, ಯಾರಿಗೂ ಏನೂ ಅನ್ನದ ಸಭ್ಯರು.

ನಿಮ್ಮದೂ ಒಂದು ಮನೆ ಬಾಡಿಗೆಗಿದ್ದರೆ, ನಿಮ್ಮ ಏಜೆಂಟ್ ಇವತ್ತು ನಿಮ್ಮ ಹೆಸರು ಹೇಳಿ ಯಾರನ್ನು ‘ಇಲ್ಲ’ ಎಂದು ಕಳಿಸಿದನೋ, ಅವನನ್ನು ಕೇಳಿ ನೋಡಿದ್ದೀರಾ?