ಉಂಗುರದ ನೆನಪು, ತುಂಗತ್ತೆಯ ಹಾಡು

ಮರೆಯುವುದರಲ್ಲಿ ನಮ್ಮ ವಂಶದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬನಶಂಕರಿ ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು, ಜಯನಗರದ ಮನೆಯವರೆಗೂ ಬರಿಗಾಲಲ್ಲಿ ನಡೆದು ಬಂದು, ಹೆಂಡತಿ ಕೇಳಿದ ಮೇಲೆ ಕಾಲು ನೋಡಿಕೊಂಡ ಆಸಾಮಿ ನಾನು. ಅರವತ್ತರ ದಶಕದ ಕೊನೆಯಲ್ಲಿ ಇಂಥವನಿಗೆ ಆಫೀಸಿನಲ್ಲಿ ವಹಿಸಿದ ಕೆಲಸವಾದರೂ ಏನು? ಕಂಪ್ಯೂಟರಿನ ನೆನಪು ಸರಿಯಾಗಿದೆಯೇ ಎಂದು ದಿನಾ ಬೆಳಿಗ್ಗೆ ಪರೀಕ್ಷಿಸುವುದು.

ಆಗಿನ ಕಂಪ್ಯೂಟರು ಒಂದು ಇಡೀ ಕೋಣೆಯನ್ನು ಆಕ್ರಮಿಸಿಕೊಂಡು, ನಮಗಿಲ್ಲದ ತಂಪಿನಲ್ಲಿ ಮೈಚಾಚಿಕೊಂಡಿರುತ್ತಿತ್ತು. ಅದರ ಮೆಮೊರಿ ಎಂದರೆ ಸಾಸಿವೆಯಷ್ಟು ಸಣ್ಣ ಕರಿ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದ ಚೌಕಟ್ಟುಗಳು. ಕರಿಮಣಿ ಪೋಣಿಸುವವರು ನೋಡಿದ್ದರೆ ಭೇಷ್ ಎನ್ನುತ್ತಿದ್ದರು. ಒಂದೊಂದು ಉಂಗುರ ನೆನಪಿಡಬೇಕಾದ್ದು ಸೊನ್ನೆಯನ್ನೋ ಒಂದನ್ನೋ, ಅಷ್ಟೇ. ಅಷ್ಟನ್ನೂ ಮರೆತರೆ ದಿನದ ಲೆಕ್ಕವೆಲ್ಲ ಎಕ್ಕುಟ್ಟಿಹೋಗುತ್ತಿತ್ತು. ಅದಕ್ಕೇ ಈ ಪರೀಕ್ಷೆಯ ಪ್ರೋಗ್ರಾಮು. ತೂತು ಕೊರೆದ ಕಾಗದದ ಪಟ್ಟಿಯಲ್ಲಿ ಸುರುಳಿ ಸುತ್ತಿಕೊಂಡಿದ್ದ ಅದರ ಮೇಲೆ ನನಗೆ ಹುಟ್ಟಿದ ಗೌರವ ಯಾವ ಮೇಲಧಿಕಾರಿಯ ಮೇಲೂ ಹುಟ್ಟಲಿಲ್ಲ.

ಅದು ಮೊದಲು ಎಲ್ಲ ಕಡೆ ಸೊನ್ನೆ ಬರೆದು ಓದಿ ನೋಡುತ್ತದೆ. ಆಮೇಲೆ ಎಲ್ಲ ಕಡೆ ಒಂದು. ಇದರಲ್ಲಿ ಪಾಸಾದವರನ್ನೂ ನಂಬುವುದಿಲ್ಲ. ಚದುರಂಗದ ಮಣೆಯ ಹಾಗೆ ಒಂದರ ಪಕ್ಕ ಸೊನ್ನೆ, ಸೊನ್ನೆಯ ಪಕ್ಕ ಒಂದು ಬರೆದು ಮತ್ತೆ ಓದುತ್ತದೆ. ಎಲ್ಲರೂ ಒಂದೇ ಮಾತು ಹೇಳುವಾಗ ನೆಟ್ಟಗಿದ್ದ ಉಂಗುರ, ಅಕ್ಕಪಕ್ಕದವರು ಬೇರೆ ಹೇಳತೊಡಗಿದರೆ ತಡವರಿಸುವುದುಂಟು. ಆಗಲೂ ಪ್ರೋಗ್ರಾಮು ಬೈಯುವುದಿಲ್ಲ, 'ವಯಸ್ಸಾಯಿತು' ಎಂದು ಷರಾ ಎಳೆಯುವುದಿಲ್ಲ. ಇಂಥ ಕಡೆ ಹೀಗೆ ಬರೆದಿದ್ದೆ, ಹೀಗೆ ಬಂತು ಎಂದಷ್ಟೇ ತಿಳಿಸುತ್ತದೆ. ಇನ್ನೂ ಒಂದು ದೊಡ್ಡತನವಿದೆ. ಅದು ಕೂತಿರುವುದೂ ಆ ಮೆಮೊರಿಯಲ್ಲೇ ತಾನೆ? ಕೊನೆಗೆ ಎದ್ದು ಪಕ್ಕಕ್ಕೆ ಸರಿದು, ತಾನು ಕೂತಿದ್ದ ಜಾಗವನ್ನೂ ಪರೀಕ್ಷಿಸುತ್ತದೆ. ನಮ್ಮಲ್ಲಿ ಹಾಗೆ ಮಾಡುವವರನ್ನು ನಾನು ಕಂಡಿಲ್ಲ.

ಹನುಮಂತನಗರದಲ್ಲಿದ್ದ ನನ್ನ ಸೋದರತ್ತೆ ತುಂಗತ್ತೆಗೆ ನೂರಾರು ಹಾಡು ಬಾಯಿಗೆ ಬರುತ್ತಿದ್ದವು. ಮೊಮ್ಮಗಳು ಶಾರದೆಯ ಮದುವೆ ಹತ್ತಿರವಾಗಿದ್ದಾಗ, ಶ್ರೀನಗರದ ನೆಂಟರ ನಾಮಕರಣದಲ್ಲಿ ಆಕೆ ಹಾಡಿನ ಮಧ್ಯೆ ನಿಂತುಬಿಟ್ಟಳು. "ಪಾಪ, ಅತ್ತೆಗೆ ಮರೆವು ಬಂತು. ಉರುಟಣೆಗೆ ಬೇರೆ ಯಾರಾದ್ರೂ ಹಾಡ್ಲಿ" ಎಂದು ಸೊಸೆಯರಿಬ್ಬರೂ ತೀರ್ಮಾನಿಸಿದರು. ಮದುಮಕ್ಕಳು ಒಬ್ಬರಿಗೊಬ್ಬರು ಅರಿಸಿನ ಹಚ್ಚುವ ಉರುಟಣೆಯಲ್ಲಿ ಹಾಡುವವಳೇ ಯಜಮಾನಿ.

ನಾನು ಹೋದಾಗ ತುಂಗತ್ತೆ ಹಿತ್ತಲಲ್ಲಿ ಕೂತಿದ್ದಳು. "ಶಾರದೆ ಹುಟ್ಟಿದ ದಿನಾನೇ ಅಂದ್ಕೊಂಡಿದ್ದೆ ಕಣೋ, ಇವಳ ಉರುಟಣೇಲಿ ನಾನೇ ಹಾಡೋದು ಅಂತ. ಈಗ ನಂಗೇ ಧೈರ್ಯ ಇಲ್ಲ" ಎಂದಳು. 

"ನನ್ನೊಬ್ಬನಿಗೇ ಹಾಡಿ ಅತ್ತೆ" ಎಂದೆ. ಒಂದು ಸಾಲೂ ತಪ್ಪಲಿಲ್ಲ. ಆಮೇಲೆ ಸೊಸೆಯರನ್ನು ಕರೆದು ಆಚೀಚೆ ಕೂರಿಸಿ, ಅದೇ ಹಾಡನ್ನು ಮತ್ತೆ ಹಾಡಿಸಿದೆ. ನಮ್ಮ ಹೆಂಗಸರದು ದೊಡ್ಡ ಮನಸ್ಸು. ಹಾಡುವವರು ಉಸಿರು ತೆಗೆದುಕೊಂಡರೂ ಸಾಕು, ಪಾಪ ಮರೆತರು ಎಂದು ಮುಂದಿನ ಸಾಲು ಎತ್ತಿಕೊಡುತ್ತಾರೆ. ಹಾಡಿನ ಮದುಮಗಳಿಗೆ ಒಬ್ಬಳು ತನ್ನ ತವರಿನ ಪಾಠದಂತೆ ಮಲ್ಲಿಗೆ ಮುಡಿಸಿದಳು, ಇನ್ನೊಬ್ಬಳು ಸಂಪಿಗೆ. ತುಂಗತ್ತೆಯ ಹಾಡು ಅಲ್ಲೇ ನಿಂತಿತು. ನನ್ನ ಚದುರಂಗದ ಮಣೆ ಹಿತ್ತಲಲ್ಲೇ ಸಿಕ್ಕಿತ್ತು.

"ಅತ್ತೆ ನೆನಪು ಚೆನ್ನಾಗೇ ಇದೆ. ನೀವು ಎತ್ತಿಕೊಡ್ಬೇಡಿ, ಅಷ್ಟೇ" ಎಂದೆ. "ಬಾಯಿ ಸುಮ್ನಿರತ್ತಾ ಭಾವ?" ಎಂದಳು ಹಿರಿಯ ಸೊಸೆ. ಆ ಪ್ರಾಮಾಣಿಕತೆಗೂ ನಾನು ಮನಸ್ಸಿನಲ್ಲೇ ಕೈಮುಗಿದೆ.

ಉರುಟಣೆಯ ಹೊತ್ತಿಗೆ ಉಪಾಯ ಹೂಡಿದೆ. ತುಂಗತ್ತೆಯ ಸುತ್ತ ಕೂತ ಹೆಂಗಸರಿಗೆಲ್ಲ ದಪ್ಪದಪ್ಪ ಬೀಡ ಕಟ್ಟಿ ಕೊಟ್ಟೆ. ಬಾಯಿ ತುಂಬ ಎಲೆಯಡಿಕೆ. ಯಾರೂ ತುಟಿ ಬಿಚ್ಚುವಂತಿಲ್ಲ. ತುಂಗತ್ತೆ ಹಾಡಿದಳು. ಬೀಗರನ್ನು ಕೆಣಕಿದಳು, ಅಳಿಯನ ಮೂಗನ್ನು ಹಾಸ್ಯ ಮಾಡಿದಳು, ಮಲ್ಲಿಗೆಯನ್ನು ಮಲ್ಲಿಗೆಯಾಗಿಯೇ ಮುಡಿಸಿದಳು. ಹಾಗೆ ಏರಿದ ಹಾಡು ಕೊನೆಯ ನುಡಿಯಲ್ಲಿ, ವರನ ಹೆಸರು ಬರುವ ಜಾಗದಲ್ಲಿ, ಥಟ್ಟನೆ ನಿಂತಿತು.

ಹೆಂಗಸರೆಲ್ಲ ಕಣ್ಣರಳಿಸಿದರು. ಅತ್ತೆ ಮರೆತೇಬಿಟ್ಟಳು ಎಂದುಕೊಂಡೆ. ಹಿಂದಿನಿಂದ ಇಡೀ ಛತ್ರಕ್ಕೆ ಕೇಳುವಂತೆ "ಗುರುರಾಜ" ಎಂದು ಎತ್ತಿಕೊಟ್ಟುಬಿಟ್ಟೆ.

ಛತ್ರ ಗೊಳ್ಳೆಂದಿತು. ಆ ಜಾಗದಲ್ಲಿ ಹಾಡು ನಿಲ್ಲಿಸಿ, ಗಂಡನ ಹೆಸರನ್ನು ಮದುಮಗಳ ಬಾಯಲ್ಲೇ ಹೇಳಿಸುವುದು ನಮ್ಮ ಪದ್ಧತಿ. ನನ್ನ ಹೆಂಡತಿ ಹಾಗೆಯೇ ನನ್ನ ಹೆಸರು ಹೇಳಿದ್ದಳು. ನನಗದು ಮರೆತೇಹೋಗಿತ್ತು. ಶಾರದೆ ನಾಚಿ ತಲೆ ತಗ್ಗಿಸಿದ್ದಳು, ತುಂಗತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಎಲ್ರಿಗೂ ಬೀಡ ಕೊಟ್ಟೆ, ನೀನೊಂದು ಹಾಕ್ಕೊಳ್ಲಿಲ್ವೇನೋ" ಎಂದು ತಟ್ಟೆಯನ್ನು ನನ್ನತ್ತ ನೂಕಿ, ನಾನು ಬಾಯಿಗೆ ತುರುಕಿಕೊಳ್ಳುವವರೆಗೂ ಕಾದು, ಆ ನುಡಿಯನ್ನು ಮೊದಲಿನಿಂದ ಎತ್ತಿಕೊಂಡಳು.