ಷರತ್ತಿನ ಆಯಮ್ಮ

ಬಟ್ಟೆ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ ಹೊಲಿಗೆಯವರ ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮನಿಗೆ ಆ ಹೆಂಗಸರೇ ಇಟ್ಟ ಹೆಸರು ಷರತ್ತಿನ ಆಯಮ್ಮ. ಬಾಯಿ ಬಿಟ್ಟರೆ ಷರತ್ತು. ಮೂಗು ಒರೆಸ್ಕೊಂಡ್ರೆ ಚೆಂಡು ಕೊಡ್ತೀನಿ, ಅನ್ನ ತಿಂದ್ರೆ ಅಮ್ಮ ಬರ್ತಾಳೆ. “ನಿನ್ನ ಕೈಲಿ ಬೆಳೆದ್ರೆ ಇವೆಲ್ಲ ವಕೀಲರಾಗ್ತಾವೆ ಬಿಡು” ಎಂದು ಅವರ ತಮಾಷೆ.

ಇಂಥ ಮಾತು ಮಕ್ಕಳ ತಲೆಗೆ ಒಂದೇ ಸಲಕ್ಕೆ ಇಳಿಯುವುದಿಲ್ಲ. ಎರಡು ವರ್ಷದವು ‘ಅಮ್ಮ ಬರ್ತಾಳೆ’ ಎಂಬಷ್ಟನ್ನೇ ಹಿಡಿದುಕೊಂಡು, ತಟ್ಟೆ ತಳ್ಳಿ ಬಾಗಿಲಿಗೆ ಓಡುತ್ತವೆ. ಮೂರು ದಾಟಿದ ಮೇಲೆ ಒಂದು ದಿನ ಓಟ ನಿಲ್ಲುತ್ತದೆ. ಮಗು ತಟ್ಟೆ ನೋಡುತ್ತದೆ, ಬಾಗಿಲು ನೋಡುತ್ತದೆ, ಬಾಯಿ ತೆರೆಯುತ್ತದೆ. ಆಗ ಆಯಮ್ಮನಿಗೆ ತಾನೇ ಹೆತ್ತಷ್ಟು ಹಿಗ್ಗು.

ಕಾಲರ್ ಹೊಲಿಯುವವಳ ಮಗಳು ಗುಂಡಮ್ಮ ಹಾಗೆ ಬಾಯಿ ತೆರೆಯಲು ಕಲಿತ ವಾರವೇ, ಜ್ವರವೆಂದು ಆಸ್ಪತ್ರೆ ಸೇರಿದ ಅವಳ ಅಮ್ಮ ಹೆಣವಾಗಿ ಬಂದಳು. ಕೆಲವು ದಿನ ಬಿಟ್ಟು, ಅಲ್ಲೇ ಕೆಲಸಕ್ಕಿದ್ದ ಚಿಕ್ಕಮ್ಮ ಮಗುವನ್ನು ಕರೆತಂದಳು. “ಅಮ್ಮ ಊರಿಗೆ ಹೋಗಿದ್ದಾಳೆ ಅಂದಿದೀವಿ. ನೀವೂ ಹಾಗೇ ಅನ್ನಿ.” ಆಯಮ್ಮ ಹೂಂ ಎಂದಳು.

ಗುಂಡಮ್ಮ ಅಳಲಿಲ್ಲ. ತಟ್ಟೆ ಖಾಲಿ ಮಾಡಿ “ಇನ್ನೂ ಹಾಕು” ಎನ್ನುತ್ತಿದ್ದಳು. ಪಾಪ, ದುಃಖ ಮರೆಯುತ್ತಿದೆ ಎಂದುಕೊಂಡು ಆಯಮ್ಮ ಬಡಿಸುತ್ತಲೇ ಹೋದಳು. ಒಂದು ಮಧ್ಯಾಹ್ನ ಮಗು ತಿಂದದ್ದನ್ನೆಲ್ಲ ಕಕ್ಕಿತು. ಒರೆಸಲು ಬಂದ ಕೈ ಹಿಡಿದು, “ಮತ್ತೆ ತಿಂತೀನಿ ಆಯಮ್ಮ. ಹೊರಗೆ ಬಂದ್ಬಿಡ್ತು ಅಂತ ಅಮ್ಮಂಗೆ ಹೇಳ್ಬೇಡ” ಎಂದಿತು.

ಆಯಮ್ಮನಿಗೆ ಆಗ ಹೊಳೆಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸಂಜೆ ಗಂಟೆ ಹೊಡೆದರೆ ತಾಯಂದಿರು ಬಂದೇ ಬರುತ್ತಾರೆ, ಮಕ್ಕಳು ತಿಂದರೇನು ಬಿಟ್ಟರೇನು? ಅನ್ನ ಇಳಿಸಲು ಆಡಿದ ಪುಕ್ಕಟೆ ಸುಳ್ಳು ಅದು. ಈ ಮಗುವಿಗೆ ಆ ಷರತ್ತು ಪೂರ್ತಿ ಅರ್ಥವಾಗಿತ್ತು; ಅಮ್ಮ ಬಾರದಿರುವುದು ತನ್ನ ಹೊಟ್ಟೆಯ ತಪ್ಪೆಂದು ನಂಬಿ ಕೂತಿತ್ತು.

ಚಿಕ್ಕಮ್ಮ ಬೈದರೆ ಬೈಯಲಿ ಎಂದು ಆಯಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

“ಅಮ್ಮ ಸತ್ತುಹೋಗಿದ್ದಾಳೆ ಕಂದಾ. ಇನ್ನು ಬರಲ್ಲ. ನೀನು ತಿಂದ್ರೂ ಬರಲ್ಲ, ತಿನ್ನದಿದ್ರೂ ಬರಲ್ಲ. ನಿಂದೇನೂ ತಪ್ಪಿಲ್ಲ.”

ಮಗು ಅವಳ ಬಾಯನ್ನೇ ನೋಡುತ್ತಿತ್ತು. ಎಷ್ಟು ಅರ್ಥವಾಯಿತೋ ಆಯಮ್ಮನಿಗೆ ತಿಳಿಯಲಿಲ್ಲ. ಚಿಕ್ಕಮ್ಮ ಬಂದು ಬಾಯಿಗೆ ಬಂದಂತೆ ಬೈದುಹೋದಳು. ಅಂದಿನಿಂದ ಆಯಮ್ಮ ತುತ್ತು ಕೊಡುವಾಗ ಮಾತಾಡುವುದನ್ನೇ ಬಿಟ್ಟಳು.

ಮುಂದಿನ ವಾರ ಹೊಸದಾಗಿ ಸೇರಿದ ಮಗುವೊಂದು ತಟ್ಟೆಯ ಮುಂದೆ ಬಾಯಿ ಬಿಗಿದುಕೊಂಡು ಬಿಕ್ಕುತ್ತಿತ್ತು. ಗುಂಡಮ್ಮ ಹೋಗಿ ಪಕ್ಕದಲ್ಲಿ ಕೂತು ಅದರ ಕಣ್ಣೊರೆಸಿದಳು.

“ಅಳಬೇಡ. ನೀನು ತಿನ್ನದಿದ್ರೂ ನಿಮ್ಮಮ್ಮ ಬರ್ತಾಳೆ.”